ಎತ್ತಿ ಎಳೆಯುವ ಬಾಗಿಲು

"ನಿಮ್ಮ ಗಾಡಿ ಕಡೆ ನೋಡ್ಬೇಡಿ ಭಾವ, ಪಕ್ಕದ್ದನ್ನ ನೋಡಿ," ಎಂದು ಮೆಕ್ಯಾನಿಕ್ ತುಟಿ ಅಲುಗಿಸದೆ ಹೇಳಿದ. ಅವನ ಅಕ್ಕನ ಗಂಡ, ಬ್ರೆಡ್ಡಿನವನು, ಪಕ್ಕದಲ್ಲಿದ್ದ ಅರ್ಧ ಸುಟ್ಟ ಕಾರನ್ನು ಭಕ್ತಿಯಿಂದ ನೋಡತೊಡಗಿದ.

ಠಾಣೆಯ ಹಿಂದಿನ ಬಯಲಿನಲ್ಲಿ ಜಪ್ತಿಯಾದ ಗಾಡಿಗಳು ಸಾಲಾಗಿ ತುಕ್ಕು ಹಿಡಿಯುತ್ತಿದ್ದವು. ಅವುಗಳ ನಡುವೆ ಬ್ರೆಡ್ಡಿನವನ ವ್ಯಾನು ನಿಂತಿತ್ತು. ನಸುಕಿನಲ್ಲೇ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಸಂಸಾರ ಸಾಕಿದ ಗಾಡಿ. ಒಂದು ದಿನದ ಮಟ್ಟಿಗೆಂದು ತನ್ನ ಅಣ್ಣನಿಗೆ ಕೊಟ್ಟಿದ್ದ. ಆ ಮಹಾರಾಯ ಅದರಲ್ಲಿ ಕಳ್ಳಭಟ್ಟಿ ಸಾಗಿಸಲು ಹೋಗಿ ಸಿಕ್ಕಿಬಿದ್ದ. ಅಣ್ಣನಿಗೆ ಜಾಮೀನು ಸಿಕ್ಕಿತು, ವ್ಯಾನಿಗೆ ಸಿಗಲಿಲ್ಲ. ಈಗ ತನ್ನ ಗಾಡಿಯನ್ನು ತಾನೇ ಹರಾಜಿನಲ್ಲಿ ಕೊಳ್ಳಲು ಹೆಂಡತಿಯ ಜೊತೆ ಬಂದಿದ್ದ. ಕಿಸೆಯಲ್ಲಿದ್ದದ್ದು ಹೆಂಡತಿಯ ಹೊಲಿಗೆ ಯಂತ್ರ ಮಾರಿದ ಹಣ. ಇದು ಕೈತಪ್ಪಿದರೆ ಗಂಡನಿಗೂ ಕಸುಬಿಲ್ಲ, ಹೆಂಡತಿಗೂ ಇಲ್ಲ.

ಹರಾಜಿಗೆ ತಪ್ಪದೆ ಬರುವ ದಲ್ಲಾಳಿಯೊಬ್ಬನಿದ್ದ. ಎಲ್ಲರೂ ಅವನನ್ನು ಕನ್ನಡಕ ಎನ್ನುತ್ತಿದ್ದರು. ಅವನು ಇಂಜಿನ್ ನೋಡುವವನಲ್ಲ, ಮುಖ ನೋಡುವವನು. ಯಾವುದಾದರೂ ಗಾಡಿಯ ಹಳೆಯ ಮಾಲೀಕ ಬಂದಿದ್ದಾನೆಂದು ವಾಸನೆ ಹತ್ತಿದರೆ ಸಾಕು, ಸವಾಲು ಏರಿಸಿ ಆ ಗಾಡಿಯನ್ನು ತಾನೇ ಹಿಡಿಯುತ್ತಿದ್ದ. ಆಮೇಲೆ ಗೇಟಿನ ಹೊರಗೆ ಅದೇ ಮಾಲೀಕನಿಗೆ ದುಪ್ಪಟ್ಟಿಗೆ ಮಾರುತ್ತಿದ್ದ. ಅದಕ್ಕೇ ತಾನು ಅಪರಿಚಿತನಂತೆ ಸವಾಲು ಕೂಗುವುದು, ಅಕ್ಕ ಭಾವ ಸುಮ್ಮನಿರುವುದು ಎಂದು ಮೆಕ್ಯಾನಿಕ್ ಮನೆಯಲ್ಲೇ ಗಿಣಿಪಾಠ ಮಾಡಿಸಿದ್ದ.

ಬ್ರೆಡ್ಡಿನವನು ಚೆನ್ನಾಗಿಯೇ ನಟಿಸಿದ. ವ್ಯಾನಿನ ಹತ್ತಿರ ಬಂದಾಗ ಟೈರಿಗೊಮ್ಮೆ ಒದ್ದು, ಇದನ್ನು ಗುಜರಿಯವನೂ ಮುಟ್ಟಲ್ಲ ಎಂದ. ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತಾ ಬೇರೆ ಕಡೆ ತಿರುಗಿದಳು. ಕನ್ನಡಕ ಆಕಳಿಸಿ ಮುಂದೆ ಹೋದ.

ಗುಮಾಸ್ತ ಗಾಡಿಯ ಒಳಗನ್ನು ತೋರಿಸಲೆಂದು ಡ್ರೈವರ್ ಬಾಗಿಲು ಎಳೆದ. ಅದು ಜಪ್ಪಯ್ಯ ಎನ್ನಲಿಲ್ಲ. ಕೊಳ್ಳಲು ನಿಂತಿದ್ದ ಒಂದಿಬ್ಬರು ಮೂಗು ಮುರಿದು ಹಿಂದೆ ಸರಿದರು. ಇದಕ್ಕಿಂತ ಇನ್ನೇನು ಬೇಕಿತ್ತು? ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಗಾಡಿ ಮೂರು ಕಾಸಿಗೆ ಬರುತ್ತಿತ್ತು. ಆದರೆ ಪೇದೆ ಕಬ್ಬಿಣದ ಸಲಾಕೆ ತಂದು ಬಾಗಿಲ ಸಂದಿಗೆ ತುರುಕಿದ. ತಗಡು ಕಿರ್ರೆಂದಿತು.

"ತಡೀರಿ ಸಾರ್, ಸ್ವಲ್ಪ ಎತ್ತಿ ಎಳೀಬೇಕು," ಎನ್ನುತ್ತಾ ಬ್ರೆಡ್ಡಿನವನು ನುಗ್ಗಿದ. ಬಾಗಿಲ ಕೆಳಗೆ ಮೊಣಕಾಲು ಕೊಟ್ಟು, ಹಿಡಿಕೆಯನ್ನು ಮೇಲಕ್ಕೆತ್ತಿ ಎಳೆದ. ಬಾಗಿಲು ತೆರೆದುಕೊಂಡಿತು.

ಹಿಡಿಕೆಯಿಂದ ಕೈ ತೆಗೆಯುವ ಮೊದಲೇ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಕನ್ನಡಕ ವಾಪಸು ಬಂದು ನಿಂತಿದ್ದ. ಗಾಜು ಒರೆಸಿ, ಮತ್ತೆ ಹಾಕಿಕೊಂಡು, ಗಂಡ ಹೆಂಡತಿ ಇಬ್ಬರನ್ನೂ ನಿಧಾನವಾಗಿ ನೋಡಿದ.

ಆಮೇಲಿನದು ಹರಾಜಲ್ಲ, ಸುಲಿಗೆ. ಮೆಕ್ಯಾನಿಕ್ ಎಷ್ಟು ಕೂಗಿದರೂ ಕನ್ನಡಕ ಅದರ ಮೇಲೆ ಕೂಗಿದ, ಅವಸರವೇ ಇಲ್ಲದೆ. ಹೊಲಿಗೆ ಯಂತ್ರದ ಹಣ ಮುಗಿಯಿತು. ಮೆಕ್ಯಾನಿಕ್ ತನ್ನದನ್ನೂ ಸೇರಿಸಿದ, ಅದೂ ಮುಗಿಯಿತು. ಹರಾಜಿನ ಅಧಿಕಾರಿ ಮೂರು ಸಾರಿ ಎಂದು ಮೇಜು ಕುಟ್ಟಿದ.

ಬೇಕಾದರೆ ಹೊರಗೆ ಮಾತಾಡೋಣ, ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ಕನ್ನಡಕ ನೆಂಟನ ಹಾಗೆ ಹತ್ತಿರ ಬಂದು ಹೇಳಿದ. ಅವನು ಹೇಳಿದ ಬೆಲೆ ಕೇಳಿ ಮೆಕ್ಯಾನಿಕ್ ನೆಲಕ್ಕೆ ಉಗಿದ. ಆಮೇಲೆ ಭಾವನ ಹೆಗಲ ಮೇಲೆ ಕೈ ಹಾಕಿದ. ಎರಡು ಬೈದಿದ್ದರೆ ಬ್ರೆಡ್ಡಿನವನಿಗೆ ಹಗುರಾಗುತ್ತಿತ್ತು.

ಮೂವರೂ ಗೇಟಿನ ಕಡೆ ನಡೆದರು. ಹಿಂದೆ ಧಡ್ ಎಂದು ಸದ್ದಾಯಿತು. ಕನ್ನಡಕನ ಆಳು ವ್ಯಾನಿನ ಬಾಗಿಲು ಮುಚ್ಚಲು ಹೆಣಗುತ್ತಿದ್ದ. ಮತ್ತೆ ಧಡ್. ಬ್ರೆಡ್ಡಿನವನ ಕಾಲು ನಿಂತಿತು.

"ಮುರೀಲಿ ಬಿಡ್ರೀ," ಎಂದಳು ಹೆಂಡತಿ.

"ಎತ್ತಿ ತಳ್ಳೋ, ಅವನು ಎಳೆದ ಹಾಗೇ," ಎಂದು ಕನ್ನಡಕ ಹೇಳಿದ್ದು ಕೇಳಿಸಿತು. ಆಮೇಲೆ ಕಟ್ ಎಂದು ಒಂದು ಸಣ್ಣ ಸದ್ದು, ಬಾಗಿಲು ತನ್ನ ಜಾಗದಲ್ಲಿ ಕೂತುಕೊಂಡ ಸದ್ದು. ದಿನವೂ ನಸುಕಿನಲ್ಲಿ ಅವನು ಬಾಗಿಲು ಹಾಕುವಾಗ ಬರುತ್ತಿದ್ದದ್ದು ಅದೇ ಸದ್ದು.