ಕೆರೆದು ತೆಗೆದ ಹೆಸರು

ನಾನು ಒಂದು ಸ್ಟೀಲ್ ಡಬ್ಬಿ. ಐದು ಸೇರು ಹಿಟ್ಟು ಹಿಡಿಯುವ ಹೊಟ್ಟೆ ನನಗೆ. ಬರೀ ತಗಡಾಗಿದ್ದೆ, ಅಚ್ಚಿನಲ್ಲಿ ಒತ್ತಿಸಿಕೊಂಡು ಡಬ್ಬಿಯಾದೆ. ದಾವಣಗೆರೆಯ ಪಾತ್ರೆ ಅಂಗಡಿಯೊಂದರಲ್ಲಿ ಮಗಳ ಮದುವೆಗೆಂದು ನನ್ನನ್ನು ಕೊಂಡವರು, ಹೆಸರು ಹಾಕಿಕೊಡಿ ಎಂದರು. ಅಂಗಡಿಯವನು ಗುರ್ರೆನ್ನುವ ಮಷೀನಿನ ಮೊನೆಯನ್ನು ನನ್ನ ಮೈಗೊತ್ತಿ, ಚುಕ್ಕಿ ಚುಕ್ಕಿಯಾಗಿ 'ಶಶಿಕಲಾ' ಎಂದು ಕೊರೆದ. ನನ್ನ ಮೊದಲ ಗಾಯ ಅದು. ಯಾರೂ ಅದನ್ನು ಗಾಯ ಅನ್ನಲಿಲ್ಲ.

ಶಶಿಕಲಾ ಅವರ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಇದ್ದೆ. ಒಮ್ಮೆ ಅಟ್ಟದಿಂದ ಬಿದ್ದು ಸೊಂಟ ನೆಗ್ಗಿತು. ಅವರ ಅತ್ತೆ ಗೌರಮ್ಮ ನನ್ನನ್ನು ಹಿತ್ತಲಿಗೆ ತಂದು, ಮುಸುರೆ ತಿಕ್ಕುತ್ತಿದ್ದ ಗುತ್ಯಮ್ಮನ ಮುಂದಿಟ್ಟರು. 'ತಗೊಂಡು ಹೋಗೇ, ನೆಗ್ಗಿದ್ದು ನಮ್ಮ ಸೊಸೆ ಕಣ್ಣಿಗೆ ಆಗಲ್ಲ' ಎಂದರು. ಸೊಸೆ ಅಂದು ಊರಲ್ಲಿರಲಿಲ್ಲ. ಆ ಮಾತು ಬಲ್ಲವರು ಮೂವರೇ: ಕೊಟ್ಟವರು, ಪಡೆದವಳು, ನಾನು. ಮಳೆಗಾಲ ಮುಗಿಯುವುದರೊಳಗೆ ಗೌರಮ್ಮ ತೀರಿಕೊಂಡರು.

ಗುತ್ಯಮ್ಮನ ಒಂದೇ ಕೋಣೆಯ ಮನೆಯಲ್ಲಿ ನನಗೆ ದೇವರ ಪಟದ ಕೆಳಗೆ ಜಾಗ. ನೆಗ್ಗಿದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದಳು. ಆಗ ಹೆಸರು ಎದುರಿಗೆ ಬರುತ್ತಿತ್ತು. ಓದು ಬಾರದ ಅವಳಿಗೆ ಅದು ಬರೀ ಚುಕ್ಕಿ. ಮಗಳು ರೇಣವ್ವನನ್ನು ನೋಡಲು ಗಂಡಿನವರು ಬರುವ ವಾರ, ಪಕ್ಕದ ಮನೆಯವಳು ಅದನ್ನೋದಿ ನಕ್ಕಳು. 'ಶಶಿಕಲಾ ಅಂದ್ರೆ ಯಾರೇ? ಬೀಗರು ಕೇಳಿದ್ರೆ ನಿನ್ನ ಸವತಿ ಅಂತೀಯೇನು?'

ಗುತ್ಯಮ್ಮನೂ ನಕ್ಕಳು. ಆದರೆ ಕಂಡವರು ಬಿಟ್ಟ ಪಾತ್ರೆಯಲ್ಲಿ ಬದುಕುವವರೆಂದು ಬೀಗರು ಆಡಿಕೊಂಡಾರೆಂಬ ಅಳುಕು ಒಳಗೆ ಕೂತಿತು. ರೇಣವ್ವ ಕೆಲಸಕ್ಕೆ ಹೋದ ಮೇಲೆ, ಮೂರು ದಿನ ಹೆಂಚಿನ ಚೂರಿನಿಂದ ನನ್ನನ್ನು ತಿಕ್ಕಿದಳು. ಹೆಸರು ಹೋಯಿತು, ಅಂಗೈಯಗಲ ಗೀರು ಉಳಿಯಿತು. ನೋವಾಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ತಿಕ್ಕಿದಾಗಲೆಲ್ಲ ಸೆರಗಿನಿಂದ ಒರೆಸುತ್ತಿದ್ದಳು.

ಗಂಡಿನವರು ಒಪ್ಪಿದರು. ಮರುವಾರ ಜ್ವರ ಬಂದು ಗುತ್ಯಮ್ಮ ನಾಲ್ಕು ದಿನ ಕೆಲಸ ತಪ್ಪಿಸಿದಳು. ಐದನೆಯ ದಿನ ಶಶಿಕಲಾ ಅವರೇ ಹುಡುಕಿಕೊಂಡು ಬಂದು ಹೊಸ್ತಿಲಾಚೆ ನಿಂತರು. ರೇಣವ್ವ ಹಿಟ್ಟಿಗೆಂದು ನನ್ನನ್ನು ಈಚೆಗೆಳೆದಿದ್ದಳು. ನೆಗ್ಗು ನೋಡಿ ಅವರು ಗುರುತು ಹಿಡಿದರು.

'ಇದು ನಮ್ಮಪ್ಪ ಕೊಡಿಸಿದ ಡಬ್ಬಿ.'

'ನಿಮ್ಮತ್ತೇರು ಕೊಟ್ಟಿದ್ರು ಅಕ್ಕಾರೇ.'

'ಕೊಟ್ಟಿದ್ದಾದ್ರೆ ಹೆಸರ್ಯಾಕೆ ಕೆರೆದೆ?'

ಗುತ್ಯಮ್ಮ ಬಾಯಿ ತೆರೆದಳು. ತನ್ನ ಬಡತನಕ್ಕೆ ತಾನೇ ನಾಚಿದ್ದನ್ನು ಮಗಳೆದುರು ಹೇಗೆ ಹೇಳುವುದು? ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನೇ ಶಶಿಕಲಾ ಒಪ್ಪಿಗೆ ಎಂದುಕೊಂಡರು. ಅಂಗಡಿಯವನು ಕೊರೆದರೆ ಹೆಸರು, ಗುತ್ಯಮ್ಮ ಕೆರೆದರೆ ಕಳ್ಳತನ. ಗುತ್ಯಮ್ಮ ಹಿಟ್ಟನ್ನು ಹಳೆ ಸೀರೆಗೆ ಸುರಿದು, ನನ್ನನ್ನು ತೊಳೆದು, ಅವರ ಕೈಗಿಟ್ಟಳು.

'ಹತ್ತೊಂಬತ್ತು ವರ್ಷ ನಿಮ್ಮನೆ ಪಾತ್ರೆ ತೊಳೆದೀನಿ ಅಕ್ಕಾರೇ. ಒಂದು ಚಮಚ ಕಮ್ಮಿ ಬಂದಿತ್ತಾ?'

ಶಶಿಕಲಾ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟರು. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಮಾತು ಗಂಡಿನವರ ಕಿವಿಗೂ ಹೋಗಿ ಸಂಬಂಧ ಮುರಿಯಿತೆಂದು ಆಮೇಲೆ ಶಶಿಕಲಾ ಅವರ ಮನೆಯವರು ಆಡಿಕೊಂಡಿದ್ದು ಕೇಳಿದೆ.

ಈಗ ನನಗೆ ವಯಸ್ಸಾಗಿದೆ. ಬಚ್ಚಲಿನ ಮೂಲೆಯಲ್ಲಿ ಸೋಪಿನ ಪುಡಿ ತುಂಬಿಕೊಂಡು ಕೂತಿದ್ದೇನೆ. ಕೆಲಸಕ್ಕೆ ಹೊಸಬಳು ಬಂದಾಗಲೆಲ್ಲ ಶಶಿಕಲಾ ನನ್ನನ್ನೆತ್ತಿ ಗೀರು ತೋರಿಸುತ್ತಾರೆ. ಬಂದವಳು ತಲೆ ತಗ್ಗಿಸಿ ನೋಡುತ್ತಾಳೆ. ಗುತ್ಯಮ್ಮ ಕದ್ದಿಲ್ಲವೆಂದು ಈ ಮನೆಯಲ್ಲಿ ಬಲ್ಲವನು ನಾನೊಬ್ಬನೇ. ಅವಳ ವಿರುದ್ಧ ಸಾಕ್ಷಿಗೆ ನಿಲ್ಲಿಸಿರುವುದೂ ನನ್ನನ್ನೇ.