ಸೂಟಿ ಪಗಾರ

"ಸೂಟಿ ದಿನ ಖಾಣಿಗೆ ಯಾಕ ಇಳದಿದ್ದ ನಿನ್ನ ಗಂಡ? ಕಲ್ಲ ಕದಿಯಾಕ? ಕಳ್ಳ ಸೂಳೆಮಗ!"

ಕಲಬುರಗಿಯ ಕಚೇರಿಯ ಮೆಟ್ಟಿಲ ಕೆಳಗೆ ನಿಂತಿದ್ದೆ. ನಮ್ಮ ಜನ ಮೆಟ್ಟಿಲು ಹತ್ತುವಂತಿಲ್ಲ. ಪೇಶ್ಕಾರ ಇಮಾಮುದ್ದೀನ್ ಸಾಹೇಬರು ಮೇಲೆ ಕುರ್ಚಿಯಲ್ಲಿ ಕೂತು ಎಲೆ ಜಗಿಯುತ್ತಿದ್ದರು. ಸತ್ತವನ ತಾಯಿಯನ್ನೂ ಬಿಡಲಿಲ್ಲ ಪುಣ್ಯಾತ್ಮ.

"ಕದಿಯಾಕ ಅಲ್ರೀ ಸಾಹೇಬ್ರ. ದುಡಿಯಾಕ ಇಳದಿದ್ದ."

"ಹೆಸರೇನ ಅವಂದು?"

ಲಗ್ನವಾದಾಗಿನಿಂದ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಅಂದು ಹೇಳಿದೆ. "ಅಮೋಘಪ್ಪ." ಅವನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

"ಅವತ್ತ ಹುಜೂರರ ಸಾಲಗಿರಹ. ಸರ್ಕಾರದ ಹುಕುಂ ಐತಿ. ಖಾಣಿ ಬಂದ್, ಕೂಲಿಯವರಿಗಿ ಕೂತಲ್ಲೇ ಪಗಾರ. ಬಂದ್ ಇದ್ದ ಖಾಣ್ಯಾಗ ಯಾವ ಮಗ ದುಡೀತಾನ? ಸಾಕ್ಷಿ ಇದ್ರ ಕರಕೊಂಬಾ. ಇಲ್ಲಂದ್ರ ಚಲ್, ನಿಕಲ್!"

ಹುಕುಂ ಇದ್ದದ್ದು ನಿಜ. ನಮ್ಮ ದೊರೆ ಹುಜೂರರು ಹುಟ್ಟಿದ ದಿನ ನಾವೂ ಕೂತು ಉಣ್ಣಲಿ ಎಂದು ಹೈದರಾಬಾದಿನಲ್ಲಿ ಯಾರಿಗೋ ಅನಿಸಿತ್ತಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಕಮಲಾಪುರದ ನಮ್ಮ ಕಲ್ಲುಖಾಣಿಗೆ ಆ ಪೂಜಾರಿ ಗುತ್ತೇದಾರ ಗುರುಲಿಂಗಪ್ಪ.

"ಕೂತ ತಿನ್ನಾಕ ನೀವೇನ ನಮ್ಮಪ್ಪನ ಬೀಗರೇನ್ಲೇ? ಇಳೀರಿ ಕೆಳಗ," ಎಂದಿದ್ದ ಅಂದು ಬೆಳಿಗ್ಗೆ. "ಗಂಟಿ ಮಾತ್ರ ಯಾವನೂ ಬಾರಸಬ್ಯಾಡ್ರಿ. ದಾರಿ ಮ್ಯಾಲ ಸರ್ಕಾರಿ ಮಂದಿ ಹೊಂಟಾರ."

ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವ ಮುಂಚೆ ಗಂಟೆ ಬಾರಿಸುವುದು ಖಾಣಿಯ ರೂಢಿ. ಅದು ಕೇಳಿದರೆ ಕೆಳಗಿದ್ದವರೆಲ್ಲ ಕೈಯಲ್ಲಿದ್ದುದನ್ನು ಬಿಸಾಕಿ ಮೇಲೆ ಹತ್ತಬೇಕು. ಮದ್ದಿನ ಸದ್ದಿಗೆ ಗುತ್ತೇದಾರ ಹೆದರಲಿಲ್ಲ. ಅಂದು ಊರೂರಲ್ಲಿ ಪಟಾಕಿ ಹಾರುತ್ತಿದ್ದವು, ಅದರಲ್ಲಿ ಇದೂ ಒಂದು. ಗಂಟೆ ಕೇಳಿಸಿದರೆ ಮಾತ್ರ ಖಾಣಿ ನಡೆದಿದೆ ಎಂದು ಗೊತ್ತಾಗುತ್ತದೆ. ಹಾಗಾಗಿ ಬತ್ತಿ ಹಚ್ಚುವ ಚಂದ್ರಶಾ ಬಾಯಲ್ಲೇ ಕೂಗಿದ. ಮೂಲೆಯಲ್ಲಿ ಸುತ್ತಿಗೆ ಹೊಡೆಯುತ್ತಿದ್ದ ನನ್ನ ಗಂಡನಿಗೆ ಅದು ಕೇಳಲಿಲ್ಲ. ನಾನು ಬುಟ್ಟಿ ಹೊತ್ತು ಮೇಲೆ ಬಂದಿದ್ದೆ.

ಕಚೇರಿಯಿಂದ ನಡೆದು ವಾಪಸು ಬಂದವಳು ಸೀದಾ ಚಂದ್ರಶಾನ ಗುಡಿಸಲಿಗೆ ಹೋದೆ.

"ಒಂದ ಮಾತ ಹೇಳ ಬಾರೋ ತಮ್ಮಾ. ಅಂವ ದುಡಿಯಾಕತ್ತಿದ್ದ ಅಂತ, ಅಷ್ಟ ಸಾಕು."

"ನಾ ಹ್ಯಾಂಗ ಹೇಳ್ಲಿ ಅಕ್ಕಾ? ಬತ್ತಿ ಹಚ್ಚಿದಾಂವ ಯಾರಂತ ಕೇಳ್ತಾರ. ನನಗ ಜೇಲಿಗೆ ಒಯ್ತಾರ."

ಅವನು ಅತ್ತ. ಅಳುವವನನ್ನು ಏನೆಂದು ಬೈಯಲಿ?

ಆಮೇಲೆ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ನಾನು ಹಳ್ಳಕ್ಕೆ ನೀರಿಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಎದ್ದುಹೋಗುತ್ತಿದ್ದರು. ಕಳ್ಳನ ಹೆಂಡತಿಯ ಜೊತೆ ನಿಂತದ್ದು ಗುತ್ತೇದಾರನಿಗೆ ಗೊತ್ತಾದರೆ ಅವರ ಕೂಲಿಗೂ ಕಲ್ಲು. ಗಂಡನ ಗೊರಕೆಗೆ ಎಷ್ಟು ಬೈದಿದ್ದೆನೋ. ಈಗ ಗುಡಿಸಲಲ್ಲಿ ಬೈಯಲೂ ಒಬ್ಬರಿಲ್ಲ. ಒಂಟಿತನಕ್ಕೆ ನಾನು ಹೆದರಿದವಳಲ್ಲ, ಆದರೆ ಅವನನ್ನು ಕಳ್ಳನೆಂದು ಮಣ್ಣಿಗೆ ಬಿಟ್ಟು ಬದುಕುವುದು ನನ್ನಿಂದ ಆಗುತ್ತಿರಲಿಲ್ಲ.

ಬಟವಾಡೆಯ ದಿನ ಪೇಶ್ಕಾರರೇ ಟಾಂಗಾದಲ್ಲಿ ಬಂದರು. ಸಾಲಗಿರಹದ ಪಗಾರ ಮುಟ್ಟಿತೋ ಇಲ್ಲವೋ ನೋಡಬೇಕಿತ್ತಂತೆ. ಮೇಜಿನ ಮುಂದೆ ನಾವು ಸಾಲಾಗಿ ನಿಂತೆವು. ನಮ್ಮ ಕೈ ಮುಟ್ಟಿದರೆ ಗುತ್ತೇದಾರ ಧಣಿಗೆ ಮೈಲಿಗೆ, ಆದ್ದರಿಂದ ಹೆಂಗಸರು ಸೆರಗು, ಗಂಡಸರು ಹೆಗಲ ವಲ್ಲಿ ಒಡ್ಡಬೇಕು. ಅವನು ರೊಕ್ಕ ಮೇಲಿಂದ ಬಿಡುತ್ತಾನೆ.

"ಬಾ ರೇವಮ್ಮಾ. ನಿಂದೂ ತಗೋ, ನಿನ್ನ ಗಂಡನ ಸೂಟಿ ಪಗಾರನೂ ತಗೋ. ಕದಿಯಾಕ ಹೋಗಿ ಸತ್ತವಗೂ ಕೊಡಾಕತ್ತೀನಿ. ನನ್ನಂಥಾ ಧರ್ಮಾತ್ಮ ಎಲ್ಲಿ ಸಿಗ್ತಾನ?"

ಪೇಶ್ಕಾರರು ತಲೆಯಾಡಿಸಿದರು. ನನಗೆ ತಿಳಿಯಿತು. ಈ ರೊಕ್ಕ ನನ್ನ ಸೆರಗಿಗೆ ಬಿದ್ದರೆ, ಅಂದು ಖಾಣಿ ಬಂದ್ ಇತ್ತೆಂದು ನಾನೇ ಒಪ್ಪಿದಂತೆ. ಬಂದ್ ಇದ್ದ ಖಾಣಿಯಲ್ಲಿ ಸತ್ತವನು ಕಳ್ಳನೇ.

ಗುತ್ತೇದಾರ ಮುಷ್ಟಿ ಬಿಚ್ಚಿದ. ನಾನು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೆ. ರೊಕ್ಕ ಮಣ್ಣಿಗೆ ಬಿತ್ತು.

"ಸೊಕ್ಕೇನಬೇ ರಂಡಿ? ಎತಗೋ!"

"ಎತಗೋಳಂಗಿಲ್ಲ. ಇದು ಕೂತವರ ರೊಕ್ಕ. ನನ್ನ ಗಂಡ ದುಡದ ಸತ್ತಾನ. ದುಡದ ದಿನದ ಪಗಾರ ಅಂತ ಈ ಸಾಹೇಬ್ರ ಮುಂದ ಬಾಯಿಬಿಟ್ಟ ಹೇಳಿ ಕೊಡು."

ಧಣಿಗೆ ನಾನು 'ಕೊಡು' ಅಂದಿದ್ದೆ. ಅವನ ಮುಖ ಕೆಂಪಾಯಿತು. ಕಾವಲಿನವನು ರಟ್ಟೆ ಹಿಡಿದು ಎಳೆದ. ನಾನು ಮೇಜಿನ ಮುಂದೆಯೇ ನೆಲಕ್ಕೆ ಕೂತುಬಿಟ್ಟೆ.

"ದಾಟಿ ಬರ್ರಲೇ ಆಕೀನ್ನ! ಯಾರಿಗಿ ಪಗಾರ ಬೇಕು?" ಗುತ್ತೇದಾರ ಚೀರಿದ.

ತಿರುಗಿ ನೋಡಿದೆ. ನನ್ನ ಹಿಂದೆಯೇ ಚಂದ್ರಶಾ ಇದ್ದ. ವಲ್ಲಿಯನ್ನು ಎರಡೂ ಕೈಯಲ್ಲಿ ಒಡ್ಡಿ ಹಿಡಿದಿದ್ದ. ಅದನ್ನು ಹೆಗಲಿಗೆ ಹಾಕಿಕೊಳ್ಳಲೂ ಇಲ್ಲ, ಹೆಜ್ಜೆ ಮುಂದಿಡಲೂ ಇಲ್ಲ.