ಬೇಯಿಸಿದ ಮಣ್ಣು

ಬೇಯಿಸಿದ ಮಣ್ಣಿನ ಬಾಟಲಿಯಲ್ಲೂ ಅನಿಲ ಕಡಿಮೆಯಾಗಿತ್ತು. ಪರದೆಯ ಮೇಲೆ ಇಳಿದಿದ್ದ ಗೆರೆಯನ್ನು ಮತ್ತೆ ಮತ್ತೆ ನೋಡಿದೆ.

ಜ್ವಾಲಾಮುಖಿಯ ಬಾಯಂಚಿನಿಂದ ತಂದ ಮಣ್ಣು ಅದು. ಹುಲ್ಲುಕಡ್ಡಿಯೂ ಬೆಳೆಯದ ಆ ಬಿಸಿ ಬೂದಿಯಲ್ಲಿ, ನಮಗೆ ವಿಷವಾದ ಕಾರ್ಬನ್ ಮಾನಾಕ್ಸೈಡನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ ಎಂಬುದು ನಮ್ಮ ವಾದ. ಅದು ನಿಜವಾದರೆ ಮಂಗಳ ಗ್ರಹದಲ್ಲೂ ಅಂಥವನ್ನು ಹುಡುಕಬಹುದು. ಅಲ್ಲಿಗೆ ಹೊರಟಿರುವ ನೌಕೆಯಲ್ಲಿ ನಮ್ಮ ಪುಟ್ಟ ಉಪಕರಣಕ್ಕೆ ಜಾಗ ಸಿಗಬಹುದು. ಉಪಕರಣಗಳನ್ನು ಆರಿಸುವ ಸಮಿತಿಯವರು ಮಧ್ಯಾಹ್ನ ಫೋನ್ ಮಾಡುವವರಿದ್ದರು. ಹಸಿ ಮಣ್ಣಿನಲ್ಲಿ ಅನಿಲ ಕಡಿಮೆಯಾಗಬೇಕು, ಬೇಯಿಸಿ ಜೀವ ತೆಗೆದ ಮಣ್ಣಿನಲ್ಲಿ ಆಗಬಾರದು. ಎರಡರಲ್ಲೂ ಆದರೆ ಅನಿಲ ತಿನ್ನುತ್ತಿರುವುದು ಜೀವವಲ್ಲ, ಬರೀ ಕಲ್ಲು.

"ಕಲ್ಲಿಗೇ ಹಸಿವಾಗಿದೆ ಅಂತ ಹೇಳಿಬಿಡೋಣ," ಎಂದರು ಮೇಷ್ಟ್ರು. ಪ್ರಯೋಗಾಲಯದ ಮುಖ್ಯಸ್ಥರಾದ ಅವರು ಸೋತಾಗಲೇ ತಮಾಷೆ ಮಾಡುವುದು.

ನಾನು ಬೀಗ ಹಾಕಿದ ಮೇಲೂ ಎಳೆದು ನೋಡುವವಳು. ಬಾಟಲಿಗಳ ಪಕ್ಕದ ತಟ್ಟೆ ನೋಡಿದೆ. ಅಳೆಯಲು ಅನಿಲ ಎಳೆಯುವ, ಬಳಸಿದ ಸೂಜಿ ಒಂದೇ ಇತ್ತು. ಪ್ರತಿ ಬಾಟಲಿಗೂ ಹೊಸ ಸೂಜಿ ಬೇಕು. ಆ ಕೆಲಸ ನನ್ನ ಅತ್ತಿಗೆಯದು. ಅಣ್ಣನಿಗೆ ಅವರ ಪರಿಚಯ ಮಾಡಿಸಿದ್ದೂ ನಾನೇ, ಇದೇ ಕೋಣೆಯಲ್ಲಿ.

"ಅತ್ತಿಗೆ, ಎರಡಕ್ಕೂ ಇದನ್ನೇ ಚುಚ್ಚಿದ್ರಾ?"

"ಹೊಸವು ಮುಗಿದಿದ್ವು ಕಣೇ. ಎಳೆದಿದ್ದು ಗಾಳಿ ತಾನೇ?" ಎಂದವರು ತಡೆದರು. "ಹೋದ ತಿಂಗಳು ಅಳೆಯುವಾಗ ಹಸಿ ಬಾಟಲಿ ಒಂದ್ಸಲ ವಾಲಿತ್ತು. ತುದಿಗೆ ಕೆಸರು ತಾಗಿರ್ಬೋದು."

ನಾನು ಕಪಾಟಿನತ್ತ ಓಡಿದೆ. ಇರಲಿ ಎಂದು ನಾನು ಇನ್ನೊಂದು ಬಾಟಲಿಯಲ್ಲೂ ಬೇಯಿಸಿದ ಮಣ್ಣು ಹಾಕಿ, ಇವುಗಳ ಜೊತೆಗೇ ಅನಿಲ ತುಂಬಿ ಕಪಾಟಿನಲ್ಲಿಟ್ಟಿದ್ದೆ. ಆಮೇಲೆ ಅದಕ್ಕೆ ಯಾರೂ ಸೂಜಿ ಚುಚ್ಚಿರಲಿಲ್ಲ. ಪಕ್ಕದ ಪ್ರಯೋಗಾಲಯದಿಂದ ಹೊಸ ಸೂಜಿ ಬೇಡಿ ತಂದು ಅಳೆದೆ.

ಗೆರೆ ಇಳಿದಿರಲಿಲ್ಲ. ಒಂದಿಷ್ಟೂ.

ಅತ್ತಿಗೆ ಅಷ್ಟರಲ್ಲಿ ಬೇಯಿಸಿದ ಮಣ್ಣಿನ ಮೊದಲ ಬಾಟಲಿಯ ಒಂದು ಹನಿ ಕೆಸರಿಗೆ, ಬದುಕಿರುವುದಕ್ಕಷ್ಟೇ ಹತ್ತುವ ಹಸಿರು ಬಣ್ಣ ಬೆರೆಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು.

"ಅಯ್ಯಯ್ಯೋ! ಬಾ ಇಲ್ಲಿ. ಸಂಸಾರ ಹೂಡಿಬಿಟ್ಟಿವೆ!"

ಕತ್ತಲೆಯಲ್ಲಿ ಹಸಿರು ಚುಕ್ಕಿಗಳು. ಅಲ್ಲಲ್ಲಿ ಒಂದು ಚುಕ್ಕಿ ನಡುವೆ ಸಣ್ಣಗಾಗಿ, ಎರಡಾಗುವ ಹಂತದಲ್ಲಿತ್ತು. ಸೂಜಿಮೊನೆಯಷ್ಟು ಕೆಸರು ಸತ್ತ ಮಣ್ಣಿಗೆ ಬಿದ್ದು, ಬೆಳೆದು, ಅನಿಲವನ್ನು ತಿಂದಿತ್ತು. ಕಲ್ಲು ಹೀಗೆ ಅಂಟಿಕೊಂಡು ಹಬ್ಬುವುದಿಲ್ಲ.

ಫೋನ್ ಬಡಿದುಕೊಂಡಿತು.

"ಸೂಜಿ ವಿಷಯ ಹೇಳೋದು ಬೇಡ್ವೇ?" ಮೇಷ್ಟ್ರು ಪಿಸುಗುಟ್ಟಿದರು.

"ಹೇಳ್ಲೇಬೇಕು ಸಾರ್. ನಮ್ಮ ಸಾಕ್ಷಿನೇ ಅದು."

"ಮಾನ ಹೋಗೋದು ನಂದು, ಇವಳಿಗೇನು!" ಎಂದರು ಅತ್ತಿಗೆ. ಆದರೆ ಫೋನನ್ನು ತಾವೇ ನನ್ನ ಕೈಗಿತ್ತರು.

ಒಂದೊಂದೇ ಪದ ತೂಗಿ, ತಪ್ಪನ್ನು ಮೊದಲು ಹೇಳಿ, ಆಮೇಲೆ ಚುಕ್ಕಿಗಳ ಸಂಗತಿ ಹೇಳಿದೆ.

"ಅದೇ ತಪ್ಪನ್ನ ಬೇಕಂತಲೇ ಇನ್ನೊಂದ್ಸಲ ಮಾಡಿ ತೋರಿಸ್ತೀರಾ?" ಎಂದಿತು ಸಮಿತಿಯ ಹೆಣ್ಣುದನಿ. "ಅಲ್ಲೀವರೆಗೆ ನಿಮ್ಮ ಜಾಗ ಯಾರಿಗೂ ಕೊಡಲ್ಲ."

ನಾನು ತಿರುಗಿ ನೋಡಿದಾಗ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಮಣ್ಣು ಬೇಯಿಸಲು ಆಗಲೇ ಸ್ವಿಚ್ ಹಾಕಿದ್ದರು.